ಎಡಗೆನ್ನೆಯ ಸರದಿ

ಫೆಬ್ರವರಿ ೩, ಸೋಮವಾರ

ತೂಕ ನಿನ್ನೆಯಷ್ಟೇ. ಭಾವನಿಗೆ ನೆಮ್ಮದಿ. ನಾನು ಮೆಷಿನ್ ಹತ್ತಿದರೆ ನನಗಿಂತ ಮೊದಲು ಬಗ್ಗಿ ನೋಡುವವರು ಅವರು. ಹೊಟ್ಟೆಯಿಂದ ತೆಗೆದು ನನ್ನ ಬಲಗೆನ್ನೆಗೆ ತುಂಬಿದ ಕೊಬ್ಬಿಗೆ ತಾನು ಮನೆ ಬದಲಾಯಿಸಿದ್ದು ಇನ್ನೂ ಗೊತ್ತಾಗಿಲ್ಲ. ನಾನು ಎರಡು ಕೆಜಿ ಏರಿದರೆ ಹೊಟ್ಟೆಯ ಜೊತೆ ಅದೂ ಉಬ್ಬುತ್ತದೆ. ಇಳಿದರೆ ಅದೂ ಸೊರಗುತ್ತದೆ. ಆಮೇಲೆ ಭಾವ ತೆಗೆಯುವ ಫೋಟೋಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಆದ್ದರಿಂದ ಇದ್ದಷ್ಟೇ ಇರಬೇಕು ನಾನು. ಮೂರನೇ ಬ್ರೆಡ್ಡಿಗೆ ಕೈ ಹಾಕಿದರೆ ಅಕ್ಕ ಕೆಮ್ಮುತ್ತಾಳೆ.

ಮನೆಯಿಂದ ಒಂದು ಮಹಡಿ ಇಳಿದರೆ ಕ್ಲಿನಿಕ್ಕು. ನನ್ನದೊಂದು ಗಾಜಿನ ಕೋಣೆ, ಒಂದು ಕುರ್ಚಿ, ಮೇಲಿಂದ ನೇರವಾಗಿ ಬೀಳುವ ಲೈಟು. ಬಾಗಿಲ ಮೇಲೆ "ಕೌನ್ಸೆಲರ್" ಎಂದು ಬರೆದಿದೆ. ಕೆಲಸ ಇಷ್ಟೇ — ಬಂದವರಿಗೆ ಮೊದಲು ಎಡಗೆನ್ನೆ ತೋರಿಸಬೇಕು. ನಲವತ್ತೊಂಬತ್ತರ ಕೆನ್ನೆ. ಮೂಗಿನ ಪಕ್ಕದಿಂದ ಬಾಯಿಯ ತುದಿಗಿಳಿದ ಗೆರೆ, ಕಣ್ಣಿನ ಕೆಳಗೆ ಗುಳಿ. ಆಮೇಲೆ ಬಲಗೆನ್ನೆ. ಗೆರೆ ಮಾಯ, ಗುಳಿ ಮಾಯ. "ಅಯ್ಯಯ್ಯೋ!" ಅನ್ನುತ್ತಾರೆ. ಅಲ್ಲಿಗೆ ಅರ್ಧ ಮನಸ್ಸು ಮಾಡಿಬಿಟ್ಟಿರುತ್ತಾರೆ. ಉಳಿದರ್ಧ ಭಾವ ನೋಡಿಕೊಳ್ಳುತ್ತಾರೆ.

ಇವತ್ತಿನ ಒಬ್ಬರು ಅಕ್ಕನನ್ನೇ ಕೇಳಿದರು, "ನೀವ್ಯಾಕೆ ಮಾಡಿಸ್ಕೊಂಡಿಲ್ಲ? ಡಾಕ್ಟರ ಹೆಂಡ್ತಿ ನೀವು!" ಅಕ್ಕನ ಹಣೆಯ ಮೇಲೆ ಇನ್ನೊಂದು ಗೆರೆ ಹೆಚ್ಚಾಯಿತು. "ನಾನು ಕೌಂಟರ್ ನೋಡ್ಕೊಳ್ಳೋಳು. ನನ್ನ ಮುಖ ಯಾರು ನೋಡ್ತಾರೆ?"

ಬೇರೆ ಎಲ್ಲರಿಗೂ ಎರಡು ಕಡೆಯೂ ಒಂದೇ ದಿನ. ನನಗೆ ಮಾತ್ರ ಕಂತು. ಆಗಸ್ಟಿನಲ್ಲಿ ಬಲಗಡೆ ಮಾಡಿದರು. ಎಡಗಡೆ ಡಿಸೆಂಬರಿನಲ್ಲಿ ಅಂದಿದ್ದರು. ಡಿಸೆಂಬರಿನಲ್ಲಿ ಹೊಸ ವರ್ಷ ಕಳೆಯಲಿ ಅಂದರು. ಈಗ ಹೊಸ ವರ್ಷ ಹಳತಾಗುತ್ತಾ ಬಂತು.

ಫೆಬ್ರವರಿ ೬, ಗುರುವಾರ

ಮತ್ತೆ ಕನ್ನಡಕ ಸೊಟ್ಟ. ಬಲಗೆನ್ನೆ ಫ್ರೇಮನ್ನು ಮೇಲಕ್ಕೆ ಒತ್ತುತ್ತದೆ, ಎಡಗಡೆ ಜಾರುತ್ತದೆ. ಊಟದ ಹೊತ್ತಿನಲ್ಲಿ ಕೆಳಗೆ ಹೋದೆ. ನೆಲ ಅಂತಸ್ತಿನಲ್ಲಿ ಕನ್ನಡಕದ ಅಂಗಡಿ. ಅಂಗಡಿಯವರು ಕಡ್ಡಿಯನ್ನು ಬಿಸಿ ಗಾಳಿಗೆ ಹಿಡಿದು, ಸ್ವಲ್ಪ ಬಗ್ಗಿಸಿ, ನನ್ನ ಕಿವಿಯ ಹಿಂದೆ ಕೂರಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ. ಕೆನ್ನೆ ನೋಡುವುದಿಲ್ಲ. ಗಾಜು ಎರಡೂ ಒಂದೇ ಮಟ್ಟದಲ್ಲಿವೆಯಾ ಅಂತ ಮಾತ್ರ.

"ಈ ವಾರ ಏನೋ ಜಾಸ್ತಿ ತಿಂದಿದೀರ ಅಂತ ಕಾಣತ್ತೆ" ಎಂದರು.

"ಹೇಗೆ ಗೊತ್ತಾಯ್ತು?"

"ಹೋದ ಸಲ ಇಷ್ಟು ಬಗ್ಗಿಸಬೇಕಾಗಿರ್ಲಿಲ್ಲ."

ನಕ್ಕೆ. ಎಡಗಡೆ ಮಾತ್ರ ಗೆರೆ ಬಿದ್ದಿರಬೇಕು. ಶನಿವಾರ ಅಕ್ಕನ ಮಗನ ಹುಟ್ಟುಹಬ್ಬದ ಕೇಕು ತಿಂದಿದ್ದೆ, ಎರಡು ತುಂಡು. ಭಾವನಿಗೆ ತಿಳಿಯದ್ದು ಇವರಿಗೆ ತಿಳಿಯಿತು. ಚಹಾ ಕೊಟ್ಟರು. ಸಕ್ಕರೆ ಹಾಕಲೇ ಎಂದು ಕೇಳಿದರು. ಹಾಕಿ ಅಂದೆ. ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ... ಹಾಕುವುದೂ ಇಲ್ಲ.

ಫೆಬ್ರವರಿ ೧೪, ಶುಕ್ರವಾರ

ಹಾಲಿನ ಅಂಗಡಿಯ ಹೆಂಗಸು ಹೊಸಬಳು. ಚಿಲ್ಲರೆ ಕೊಡುವಾಗ ದನಿ ತಗ್ಗಿಸಿ ಕೇಳಿದಳು, "ಲಕ್ವ ಹೊಡೆದಿತ್ತಾ ಅಕ್ಕ? ನಮ್ಮ ಮಾವನಿಗೂ ಹಿಂಗೇ ಆಗಿತ್ತು. ದಿನಾ ಬಲೂನ್ ಊದಿ, ಸರಿಹೋಗತ್ತೆ."

ಹೌದು, ಊದುತ್ತೇನೆ ಅಂದೆ. ಏನಂತ ಹೇಳುವುದು? ಒಂದು ಕಡೆ ಡಾಕ್ಟರ ಕೆಲಸ, ಇನ್ನೊಂದು ಕಡೆ ದೇವರ ಕೆಲಸ ಅನ್ನಲೇ? ಮನೆಗೆ ಬಂದು ಕನ್ನಡಿ ನೋಡಿದೆ. ಒಂದು ಕೈಯಿಂದ ಬಲಗಡೆ ಮುಚ್ಚಿದರೆ ನಾನು. ಎಡಗಡೆ ಮುಚ್ಚಿದರೆ ನನ್ನ ಸೋದರ ಸೊಸೆ ಯಾರೋ ಇರಬೇಕು. ಎರಡೂ ಕೈ ತೆಗೆದರೆ ಯಾರೂ ಅಲ್ಲ.

ಸಂಜೆ ಭಾವನನ್ನು ನೇರವಾಗಿ ಕೇಳಿಯೇಬಿಟ್ಟೆ. "ಭಾವ, ಎಡಗಡೆ ಯಾವಾಗ?"

"ಡಾಕ್ಟರುಗಳ ಕಾನ್ಫರೆನ್ಸ್ ಮುಗೀಲಿ ಕಣೇ. ಅಲ್ಲಿ ಇದೇ ಮುಖ ಬೇಕು."

"ಫೋಟೋ ಇದೆಯಲ್ಲ?"

"ಫೋಟೋನ ಯಾರು ನಂಬ್ತಾರೆ ಈಗ? ಎದುರಿಗೆ ಕೂತಿರೋ ಮನುಷ್ಯರನ್ನ ನಂಬ್ತಾರೆ." ಬೆನ್ನು ತಟ್ಟಿದರು. ಕೆಟ್ಟವರಲ್ಲ. ಅದೇ ಕಷ್ಟ. ಗಂಡನ ಮನೆ ಬಿಟ್ಟು ಬಂದಾಗ ಯಾಕೆ ಎಂದು ಒಂದು ಮಾತು ಕೇಳದೆ ರೂಮು ತೋರಿಸಿದವರು. ನನ್ನ ಆಫೀಸು ಮುಚ್ಚಿದಾಗ ಮಾರನೇ ದಿನವೇ ಕುರ್ಚಿ ಹಾಕಿಸಿದವರು. ಇಂಥವರ ಹತ್ತಿರ ಜಗಳ ಆಡುವುದು ಹೇಗೆ?

ಫೆಬ್ರವರಿ ೧೯, ಬುಧವಾರ

ಕನ್ನಡಕದವರು ಅಂಗಡಿ ಮುಚ್ಚುತ್ತಿದ್ದಾರೆ. ಮಾರ್ಚ್ ಕೊನೆಗೆ. ಬೇರೆ ಊರಿನಲ್ಲಿ ತಮ್ಮನ ಜೊತೆ ದೊಡ್ಡ ಅಂಗಡಿಯಂತೆ.

ಹೇಳಿ ಮುಗಿಸಿ, ಕಡ್ಡಿ ಬಗ್ಗಿಸುತ್ತಲೇ, ತಲೆ ಎತ್ತದೆ ಕೇಳಿದರು. "ನೀವೂ ಬರ್ತೀರಾ?"

"ಎಲ್ಲಿಗೆ?"

"ಅಲ್ಲಿಗೇ. ನನ್ನ ಜೊತೆ. ನೀವು ಹೇಗಂದ್ರೆ ಹಾಗೆ. ಮದುವೆ ಅಂದ್ರೆ ಮದುವೆ, ಅಂಗಡೀಲಿ ಕೆಲಸ ಅಂದ್ರೆ ಕೆಲಸ."

ಬಿಸಿ ಗಾಳಿಗೆ ಜಾಸ್ತಿ ಹೊತ್ತು ಹಿಡಿದಿದ್ದರು ಅಂತ ಕಾಣುತ್ತದೆ, ಕಡ್ಡಿ ಒಂದು ಸುತ್ತು ಜಾಸ್ತಿಯೇ ಬಗ್ಗಿತು. ಇಬ್ಬರೂ ನೋಡಿದೆವು. ಐವತ್ತೈದರ ಮನುಷ್ಯ, ಕಿವಿ ಕೆಂಪಾಗಿತ್ತು.

ನನಗೆ ಅವರು ಇಷ್ಟ. ಬರೆದುಬಿಟ್ಟೆ. ಇಲ್ಲಿ ಬರೆಯದೆ ಇನ್ನೆಲ್ಲಿ?

ಏನು ಹೇಳಿದೆ ಗೊತ್ತಾ? "ಎಡಗಡೆ ಆಗಲಿ, ಆಮೇಲೆ ಹೇಳ್ತೀನಿ."

"ನಾನು ಕೇಳಿದ್ದು ನಿಮ್ಮನ್ನ. ಕೆನ್ನೇನಲ್ಲ" ಎಂದರು.

ಗೊತ್ತು. ಆದರೆ ಹೊಸ ಊರು, ಹೊಸ ಮೈದುನ, ಹೊಸ ಓರಗಿತ್ತಿ. ಬಾಗಿಲು ತೆರೆದವರೆಲ್ಲ ಮೊದಲು ಬಲಗಡೆ ನೋಡಿ, ಆಮೇಲೆ ಎಡಗಡೆ ನೋಡಿ, ಆಮೇಲೆ ದನಿ ತಗ್ಗಿಸುತ್ತಾರೆ. ಜೀವನಪೂರ್ತಿ ಬಲೂನ್ ಊದುವವಳಾಗಿ ಹೋಗಲಾರೆ. ಒಂದೇ ಮುಖ ತೆಗೆದುಕೊಂಡು ಹೋಗಬೇಕು. ಅದು ಯಾವುದಾದರೂ ಸರಿ.

ಫೆಬ್ರವರಿ ೨೭, ಗುರುವಾರ

ಹಲ್ಲು ನೋವು ಅಂತ ಸುಳ್ಳು ಹೇಳಿ ಊರಿನ ಆಚೆ ತುದಿಯ ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆ. ಅವರ ಕೋಣೆಯಲ್ಲೂ ಮೇಲಿಂದ ಬೀಳುವ ಅದೇ ಲೈಟು. ನನ್ನನ್ನು ನೋಡಿದ್ದೇ ತಡ, ಎದ್ದು ನಿಂತರು!

"ಓಹೋ! ನೀವು ಆ ಹಾಫ್ ಫೇಸ್ ಅಲ್ವಾ? ಹೋದ ಕಾನ್ಫರೆನ್ಸಲ್ಲಿ ನಿಮ್ಮ ಸ್ಲೈಡ್ ನೋಡಿದೀವಲ್ಲ ನಾವೆಲ್ಲ. ಪರದೆ ಮೇಲೆ ನಿಮ್ಮ ಕೆನ್ನೆ ನನ್ನ ಕಾರಿಗಿಂತ ದೊಡ್ಡದಿತ್ತು."

ಸಂತೋಷ ಅಂದೆ. ಎಡಗಡೆ ಮಾಡಿಕೊಡಿ ಅಂದೆ. ಅವರ ಮುಖ ಬದಲಾಯಿತು. ಬೆರಳು ತಾಗಿಸಲಿಲ್ಲ. ಎಷ್ಟು ತುಂಬಿದ್ದಾರೆ, ಎಷ್ಟು ಉಳಿದಿದೆ, ಏನೂ ಗೊತ್ತಿಲ್ಲದೆ ಕೈ ಹಾಕುವುದು ಸರಿಯಲ್ಲ ಎಂದರು. ಆಮೇಲೆ ನಿಜ ಹೇಳಿದರು. "ನಿಮ್ಮ ಭಾವ ಹಿರಿಯರು. ಅವರ ಕೇಸು ನಾನು ಮುಟ್ಟಲ್ಲಮ್ಮ."

ಕೇಸು. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕೂತೆ. ಎರಡು ಬಸ್ಸು ಬಿಟ್ಟೆ. ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯದ್ದಕ್ಕೆ ಇನ್ನಷ್ಟು ಬಂತು.

ಫೆಬ್ರವರಿ ೨೮, ಶುಕ್ರವಾರ

ನಿನ್ನೆಯ ಡಾಕ್ಟರು ಭಾವನಿಗೆ ಫೋನ್ ಮಾಡಿದ್ದಾರೆ. ಡಾಕ್ಟರುಗಳ ಹೊಟ್ಟೆಯಲ್ಲಿ ಮಾತು ನಿಲ್ಲುವುದೇ ಇಲ್ಲ.

ಊಟದ ಮೇಜಿನ ಮೇಲೆ ಭಾವ ನಕ್ಕರು. ನಿಜವಾಗಿಯೂ ನಕ್ಕರು. "ಹಲ್ಲು ನೋವು ವಾಸಿಯಾಯ್ತಾ?"

ಅಕ್ಕ ನಗಲಿಲ್ಲ. "ಮನೆ ಮರ್ಯಾದೆ ಬೀದಿಗೆ ತರಬೇಕಾ? ನಿಂಗೇನು ಕಮ್ಮಿ ಮಾಡಿದೀವಿ? ಕೊಬ್ಬು ಜಾಸ್ತಿಯಾಗಿದೆ ಕಣೇ ನಿಂಗೆ."

"ಜಾಸ್ತಿಯಾಗೋ ಹಾಗಿಲ್ಲ. ದಿನಾ ತೂಕ ನೋಡ್ತಾರಲ್ಲ" ಅಂದೆ.

ಭಾವನಿಗೆ ಅನ್ನ ನೆತ್ತಿಗೇರಿತು ನಗುವಿನಲ್ಲಿ. ಅಕ್ಕನೂ ಕೊನೆಗೆ ನಕ್ಕಳು. ಸಿಟ್ಟಿನಲ್ಲಿ ಆಡಿದ ಮಾತು ಜೋಕಾಗಿ ಹೋಯಿತು. ನೀರು ಕುಡಿದು ಭಾವ ಹೇಳಿದರು, "ಆಯ್ತು. ಮಾರ್ಚ್ ಹತ್ತೊಂಬತ್ತು, ಬುಧವಾರ. ಎಡಗಡೆ ಮಾಡ್ತೀನಿ. ಕಾನ್ಫರೆನ್ಸೂ ಬೇಡ, ಏನೂ ಬೇಡ. ಖುಷಿನಾ?"

ಖುಷಿ! ನಿಜವಾದ ಖುಷಿ. ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಸುಮ್ಮನೆ ನಿಂತಿದ್ದೆ.

ಮಾರ್ಚ್ ೧, ಶನಿವಾರ

ಕೆಳಗೆ ಓಡಿ ಹೇಳಿಬಂದೆ. ಕನ್ನಡಕದವರು ಕ್ಯಾಲೆಂಡರ್ ತೆಗೆದರು. ಊತ ಇಳಿಯಲು ಎರಡು ಮೂರು ವಾರ ಬೇಕು ಎಂದೆ. "ಹಾಗಾದ್ರೆ ಏಪ್ರಿಲ್ ಹನ್ನೆರಡು" ಎಂದರು. ತಮ್ಮನಿಗೆ ಅಲ್ಲೇ ಫೋನ್ ಮಾಡಿದರು. ಅಂಗಡಿಯ ಸಾಮಾನು ಒಂದೊಂದೇ ಪೆಟ್ಟಿಗೆಗೆ ಹೋಗುತ್ತಿದೆ. ಕಣ್ಣು ಪರೀಕ್ಷೆಯ ಅಕ್ಷರಗಳ ಬೋರ್ಡನ್ನು ಮಾತ್ರ ಕೊನೆಗೆ ಕಟ್ಟುತ್ತಾರಂತೆ. ಗೋಡೆ ಬೋಳಾದರೆ ಬೇಜಾರು ಅಂತೆ.

ಮನೆಯಲ್ಲಿ ಇನ್ನೂ ಹೇಳಿಲ್ಲ. ಎಡಗಡೆ ಆಗಲಿ. ಆಮೇಲೆ ಹೇಳಿದರೆ ಏನು ಮಾಡುತ್ತಾರೆ? ವಾಪಸ್ ತೆಗೆಯುವುದಕ್ಕಂತೂ ಆಗುವುದಿಲ್ಲ.

ಮಾರ್ಚ್ ೨೧, ಶುಕ್ರವಾರ

ಇವತ್ತು ಪೆನ್ನು ಹಿಡಿಯಲು ಆಗುತ್ತಿದೆ. ಕಣ್ಣು ಅರ್ಧ ಮುಚ್ಚಿದೆ, ಎಡಗಣ್ಣು.

ಬುಧವಾರದ್ದು ಬರೆಯಬೇಕು. ಬರೆಯದಿದ್ದರೆ ಆಮೇಲೆ ನಾನೇ ಒಪ್ಪಿದ್ದೆ ಅಂದುಕೊಂಡುಬಿಡುತ್ತೇನೆ.

ಮಲಗಿಸಿದರು. ಚಿಕ್ಕ ಡಾಕ್ಟರು — ಭಾವನ ಕೈಕೆಳಗೆ ಕಲಿಯುತ್ತಿರುವ ಹುಡುಗಿ — ನೇರಳೆ ಪೆನ್ನಿನಿಂದ ಕೆನ್ನೆಯ ಮೇಲೆ ಗೀಟು ಹಾಕಿದಳು. ಆಮೇಲೆ ತೊಡೆಯ ಮೇಲೂ ಹಾಕಿದಳು. ಹೋದ ಸಲ ಹೊಟ್ಟೆಯಿಂದ ತೆಗೆದಿದ್ದು. ಈ ಸಲ ಯಾಕೆ ತೊಡೆ ಅಂತ ಕೇಳಬೇಕಿತ್ತು. ಖುಷಿಯಲ್ಲಿದ್ದವಳು ಕೇಳಲಿಲ್ಲ. ಮರಗಟ್ಟಿಸುವ ಔಷಧಿ ಕೊಟ್ಟರು. ಕೊಳವೆ ಒಳಗೆ ಹೋಗಿ ಬಂದು ಮಾಡುವಾಗ ನೋವಿಲ್ಲ, ಯಾರೋ ದಿಂಬಿನೊಳಗೆ ಕೈ ಹಾಕಿ ಹತ್ತಿ ಎಳೆದ ಹಾಗೆ. ತೆಗೆದದ್ದನ್ನು ಮೆಷಿನ್ನಿನಲ್ಲಿ ಗಿರಗಿರ ತಿರುಗಿಸಿದರು. ಮೇಲೆ ಎಣ್ಣೆ, ಕೆಳಗೆ ಕೆಂಪು ನೀರು, ನಡುವೆ ಹಳದಿ. ಎಣ್ಣೆ ಬಸಿದು, ನೀರು ಚೆಲ್ಲಿ, ಹಳದಿಯನ್ನು ಸಣ್ಣ ಸಣ್ಣ ಸಿರಿಂಜಿಗೆ ತುಂಬಿ ಸಾಲಾಗಿ ಇಟ್ಟರು. ಅವುಗಳೊಳಗೆ ನಾನೇ ಸಾಲಾಗಿ ಕೂತಿದ್ದೆ.

ಕೆನ್ನೆಯನ್ನೂ ತುಟಿಯನ್ನೂ ಮರಗಟ್ಟಿಸಿದ ಮೇಲೆ ಕ್ಯಾಮೆರಾ ಬಂತು. ಭಾವ ಕ್ಯಾಮೆರಾಗೆ ಹೇಳುತ್ತಿದ್ದರು —

"ಬಲಗಡೆ ಹೊಟ್ಟೆ, ಎಡಗಡೆ ತೊಡೆ. ಒಂದೇ ಪೇಷಂಟು, ಒಂದೇ ಮುಖ, ಎರಡು ಜಾಗದ ಫ್ಯಾಟು. ಯಾವ್ದು ಹೆಚ್ಚು ಉಳಿಯತ್ತೆ ಅಂತ ಎರಡು ವರ್ಷ ನೋಡೋಣ. ತಿಂಗಳಿಗೊಂದು ಫೋಟೋ. ತೂಕ ಹೀಗೇ ಇರಬೇಕು. ಅಲ್ವೇನೇ?"

ಎರಡು ವರ್ಷ.

ಬೇಡ ಅನ್ನಲು ಬಾಯಿ ತೆರೆದೆ. ನಾಲಿಗೆ ಇತ್ತು, ತುಟಿ ಇರಲಿಲ್ಲ. "ಊಂ" ಅಂತ ಬಂತು. ತಲೆ ಆಡಿಸಲು ನೋಡಿದೆ. "ಅಲ್ಲಾಡಬಾರ್ದು, ಅಲ್ಲಾಡಬಾರ್ದು" ಅಂದಳು ಚಿಕ್ಕ ಡಾಕ್ಟರು, ಎರಡೂ ಕೈಯಿಂದ ನೆತ್ತಿ ಹಿಡಿದು. "ನೋಡಿ, ಪೇಷಂಟೂ ಒಪ್ಪಿದಾರೆ" ಎಂದರು ಭಾವ ಕ್ಯಾಮೆರಾಗೆ. ಎಲ್ಲರೂ ನಕ್ಕರು. ಸೂಜಿ ಒಳಗೆ ಹೋಯಿತು.

ಕೈ ಇತ್ತಲ್ಲ? ಕೈ ಮರಗಟ್ಟಿರಲಿಲ್ಲ. ಅವರ ಮಣಿಕಟ್ಟು ಹಿಡಿಯಬಹುದಿತ್ತು. ಎರಡು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ. ಹಿಡಿದಿದ್ದರೆ ಎಡಗಡೆ ಹಾಗೇ ಉಳಿಯುತ್ತಿತ್ತು... ಅದಕ್ಕೇ ಹಿಡಿಯಲಿಲ್ಲ.

ಏಪ್ರಿಲ್ ೨, ಬುಧವಾರ

ಈಗ ಎಡಗೆನ್ನೆ ದೊಡ್ಡದು. ಅರ್ಧದಷ್ಟು ಕರಗಿಹೋಗುತ್ತದೆ ಅಂತ ಮೊದಲೇ ಹೆಚ್ಚು ತುಂಬುವುದು ಪದ್ಧತಿ. ಕನ್ನಡಕ ಈಗ ಆ ಕಡೆಯಿಂದ ಏರಿದೆ. ಕೆಳಗೆ ಹೋಗಿಲ್ಲ. ತೊಡೆಯ ಮೇಲಿನ ನೀಲಿ ಕಲೆ ಹಳದಿಗೆ ತಿರುಗಿದೆ.

ಇವತ್ತು ಅಕ್ಕನಿಗೆ ಹೇಳಿದೆ. ಅವಳು ಟವೆಲ್ ಮಡಿಸುತ್ತಿದ್ದಳು. ಅಕ್ಕ, ಕೆಳಗಿನ ಕನ್ನಡಕದವರು ಹೀಗೆ ಕೇಳಿದ್ದಾರೆ, ಹನ್ನೆರಡಕ್ಕೆ ಹೊರಡುತ್ತಾರೆ, ನಾನೂ ಹೋಗುತ್ತೇನೆ ಅಂದೆ.

ಮಡಿಸಿದ ಟವೆಲನ್ನು ಮತ್ತೆ ಬಿಚ್ಚಿ ಮಡಿಸಿದಳು. "ಒಳ್ಳೆ ಮನುಷ್ಯ. ಹೋಗು. ಯಾರು ಬೇಡ ಅಂದ್ರು?" ಇನ್ನೊಂದು ಟವೆಲ್ ಕೈಗೆತ್ತಿಕೊಂಡು, "ತಿಂಗಳಿಗೊಂದು ಫೋಟೋಗೆ ಹೇಗೆ ಬರ್ತೀಯ ಅಷ್ಟು ದೂರದಿಂದ? ನಿನ್ನ ಭಾವ ಎಲ್ಲಾ ಕಡೆ ಹೇಳ್ಕೊಂಡು ಬಂದಿದಾರಲ್ಲೇ. ಈ ವಯಸ್ಸಲ್ಲಿ ಅವರ ಮುಖಕ್ಕೆ ಮಸಿ ಬಳೀತೀಯಾ?" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾಟಕವಲ್ಲ. "ನೀನು ಹೋದ್ರೆ ನನ್ನ ಜೊತೆ ಈ ಮನೇಲಿ ಮಾತಾಡೋರು ಯಾರಿದಾರೆ ಹೇಳು?"

ಒಟ್ಟಿಗೆ ಕೂತು ಟವೆಲ್ ಮಡಿಸಿದೆವು. ಬಾಗಿಲಿಗೆ ಬೀಗ ಹಾಕಿದ್ದರೆ ಮುರಿಯಬಹುದಿತ್ತು.

ಏಪ್ರಿಲ್ ೭, ಸೋಮವಾರ

ಕುರ್ಚಿಗೆ ವಾಪಸ್. ಊತ ಇದ್ದರೇನಂತೆ, ಅದನ್ನೂ ತೋರಿಸಬಹುದಲ್ಲ — ಭಾವನ ಮಾತು. "ಮೂರನೇ ವಾರದಲ್ಲಿ ಹೀಗಿರತ್ತೆ ಅಂತ ಗೊತ್ತಾಗ್ಲಿ ಜನಕ್ಕೆ."

ಹೊಸ ಮಾತು ಕಲಿತಿದ್ದೇನೆ. ಈ ಕಡೆ ಎಂಟು ತಿಂಗಳದ್ದು, ಈ ಕಡೆ ಮೂರು ವಾರದ್ದು. ಬೆಳಿಗ್ಗೆಯಿಂದ ಐದು ಜನಕ್ಕೆ ಹೇಳಿದೆ. ಮಧ್ಯಾಹ್ನ ಊಟ ಮಾಡುವಾಗ ಉಪ್ಪಿನ ಡಬ್ಬಿ ಕೇಳಿದ ಚಿಕ್ಕ ಡಾಕ್ಟರಿಗೂ ಮೊದಲು ಬಲಗೆನ್ನೆ ತೋರಿಸಿ ಆಮೇಲೆ ಡಬ್ಬಿ ಕೊಟ್ಟೆ. ಅವಳು ನಕ್ಕಳು. ನಾನೂ ನಕ್ಕೆ.

ಏಪ್ರಿಲ್ ೧೧, ಶುಕ್ರವಾರ

ಕನ್ನಡಕದವರ ಮೆಸೇಜು. "ನಾಳೆ ಸಂಜೆ ಟ್ರೈನು. ಎರಡು ಟಿಕೆಟ್ ಇದೆ. ಮಧ್ಯಾಹ್ನ ಮೇಲೆ ಬಂದು ಕೇಳಿ ಹೋಗ್ತೀನಿ. ಹೂಂ ಅಂದ್ರೆ ಸಾಕು."

ಹೂಂ ಅನ್ನುತ್ತೇನೆ. ಊತ ಇರಲಿ, ಸೊಟ್ಟ ಇರಲಿ. ಫೋಟೋ ಬೇಕಾದರೆ ಅಂಚೆಯಲ್ಲಿ ಕಳಿಸುತ್ತೇನೆ! ಚೀಲ ಮಂಚದ ಕೆಳಗಿದೆ. ಒಂದು ಸೀರೆ ತೆಗೆದು ಇನ್ನೊಂದು ಹಾಕಿದೆ, ಮತ್ತೆ ಅದನ್ನು ತೆಗೆದು ಮೊದಲಿನದನ್ನೇ ಹಾಕಿದೆ. ಎಷ್ಟು ವರ್ಷವಾಯಿತು ಹೀಗೆ ಎದೆ ಹೊಡೆದುಕೊಂಡು.

ಏಪ್ರಿಲ್ ೧೨, ಶನಿವಾರ. ಮಧ್ಯಾಹ್ನ ಮೂರು

ಬಂದಿದ್ದರು.

ಇಸ್ತ್ರಿ ಮಾಡಿದ ಶರ್ಟು. ಇಷ್ಟು ವರ್ಷದಲ್ಲಿ ಮೊದಲ ಸಲ ಮೆಟ್ಟಿಲು ಹತ್ತಿದ್ದು. ಅಕ್ಕ ಕೌಂಟರಿನಲ್ಲಿ ಇರಲಿಲ್ಲ, ಬದಲಿಗೆ ಕೂತ ಹುಡುಗಿ ಪೇಷಂಟು ಅಂದುಕೊಂಡು ಟೋಕನ್ ಕೊಟ್ಟು ನನ್ನ ಗಾಜಿನ ಕೋಣೆಗೆ ಕಳಿಸಿದಳು. ಟೋಕನ್ ಹಿಡಿದುಕೊಂಡೇ ಎದುರಿನ ಕುರ್ಚಿಯಲ್ಲಿ ಕೂತರು. ನನ್ನ ಮುಖ ನೋಡಿದರು. ದನಿ ತಗ್ಗಿಸಲಿಲ್ಲ.

"ಬರ್ತೀರಾ?"

ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಭಾವ ಒಳಗೆ ಬಂದರು. "ಏನ್ ಸಾರ್! ಕೊನೆಗೂ ನೀವೂ ಬಂದ್ರಾ? ನಾನು ಯಾವತ್ತಿಂದ ಹೇಳ್ಬೇಕು ಅಂತಿದ್ದೆ." ಹೆಬ್ಬೆರಳಿನಿಂದ ಅವರ ಕಣ್ಣಿನ ಕೆಳಗೆ ಒತ್ತಿದರು. "ಗುಳಿ ಬಿದ್ದಿದೆ. ಎರಡು ಸಿರಿಂಜು, ಹತ್ತು ವರ್ಷ ವಾಪಸ್. ನಮ್ಮವಳು ಹೇಳ್ತಾಳೆ ಕೇಳಿ."

ಅಕ್ಕ ಭಾವನಿಗೆ ಹೇಳಿರಲಿಲ್ಲ. ಅಥವಾ ಹೇಳಿದ್ದಳು. ಭಾವ ನಗುತ್ತಾ ಬಾಗಿಲಿಗೆ ಒರಗಿ ನಿಂತರು.

ಇವರು ಪೇಷಂಟ್ ಅಲ್ಲ. ಇಷ್ಟು ಹೇಳಿದರೆ ಮುಗಿಯುತ್ತಿತ್ತು. ಈ ಸಲ ತುಟಿ ನೆಟ್ಟಗಿತ್ತು.

"ನಿಮ್ಮದೇ ಕೊಬ್ಬು, ಸಾರ್. ಹೊರಗಿನದು ಏನೂ ಇಲ್ಲ" ಅಂದೆ ನಾನು. "ನೋವೂ ಅಷ್ಟೇನಿಲ್ಲ. ನೋಡಿ, ಈ ಕಡೆ ಎಂಟು ತಿಂಗಳದ್ದು." ತಿರುಗಿದೆ. "ಈ ಕಡೆ ಮೂರು ವಾರದ್ದು." ತಿರುಗಿದೆ. "ಊತ ನೋಡಿ ಹೆದರ್ಕೋಬೇಡಿ. ಇಳಿಯತ್ತೆ." ಎಲ್ಲಿಯೂ ತಡವರಿಸಲಿಲ್ಲ. ಬೆಳಿಗ್ಗೆ ಅಭ್ಯಾಸ ಮಾಡಿದ್ದ ಹೂಂ ಎಲ್ಲಿಗೆ ಹೋಯಿತೋ, ಇದು ತಾನಾಗಿಯೇ ಬಂತು. ಪೂರ್ತಿ ಬಂತು. ಊಟದ ಪಥ್ಯದವರೆಗೂ ಬಂತು.

ಅವರು ಕೊನೆಯವರೆಗೂ ಕೇಳಿದರು, ಕೈ ಮಡಿಲಲ್ಲಿಟ್ಟುಕೊಂಡು. ಆಮೇಲೆ ಎದ್ದರು. ಟೋಕನನ್ನು ನನ್ನ ಮೇಜಿನ ಮೇಲೆ ಇಟ್ಟರು.

"ಯೋಚನೆ ಮಾಡಿ ಹೇಳ್ತೀನಿ, ಮೇಡಂ."

ವಾಪಸ್ ಬರದವರೆಲ್ಲ ಹೋಗುವಾಗ ಹೇಳುವ ಮಾತು. ಒಬ್ಬರೂ ತಪ್ಪಿಸಿಲ್ಲ. ಅವರಿಗೆ ಅದು ಗೊತ್ತಿರಲಾರದು. ನನಗೆ ಗೊತ್ತು.

"ಚೆನ್ನಾಗಿ ಹೇಳಿದೆ" ಎಂದರು ಭಾವ.

ಸಂಜೆ ಐದೂ ಮುಕ್ಕಾಲು

ಟ್ರೈನು ಏಳಕ್ಕೆ. ಸ್ಟೇಷನ್ನಿಗೆ ಅರ್ಧ ಗಂಟೆ, ಟ್ಯಾಕ್ಸಿ ಸಿಕ್ಕರೆ ಇಪ್ಪತ್ತೇ ನಿಮಿಷ. ಇನ್ನೂ ಹೊತ್ತಿದೆ. ಚೀಲ ತೆಗೆದು ಮಂಚದ ಮೇಲೆ ಇಟ್ಟಿದ್ದೇನೆ. ಚಪ್ಪಲಿ ಹಾಕಿಕೊಂಡೇ ಬರೆಯುತ್ತಿದ್ದೇನೆ. ಪ್ಲಾಟ್‌ಫಾರಂ ಮೇಲೆ ನಿಂತು ಹೂಂ ಅನ್ನುತ್ತೇನೆ, ಅಷ್ಟೇ, ಬೇರೆ ಒಂದು ಮಾತೂ ಆಡುವುದಿಲ್ಲ.

ಕೆಳಗಿನಿಂದ ಅಕ್ಕ ಕೂಗುತ್ತಿದ್ದಾಳೆ. ಕೊನೆಯ ಪೇಷಂಟಂತೆ, ತುಂಬಾ ದೂರದಿಂದ ಬಂದಿದ್ದಾರಂತೆ, ಹೆದರಿಕೊಂಡು ಅಳುತ್ತಿದ್ದಾರಂತೆ. ಐದು ನಿಮಿಷದ ಕೆಲಸ. ಬರೀ ಮುಖ ತೋರಿಸಿ ಬಂದು —